ತೊಟ್ಟಿಲು ಬಿಚ್ಚಿದ ಮಾಸ್ತರರಿಗೆ ಒಂದು ಅರಿಕೆ

ಹೊನ್ನೆಕಟ್ಟೆ, ಕುಶಾಲನಗರದ ಹತ್ತಿರ
ಕೊಡಗು ರಾಜ್ಯ
೨೩ ಜನವರಿ ೧೯೫೪, ಶನಿವಾರ

ಮಾನ್ಯರೇ,

ಕೊಡಗು ರಾಜ್ಯದ ಪೂರ್ವದ ಅಂಚಿನಲ್ಲಿ, ಕಾವೇರಿ ದಾಟಿದರೆ ಮೈಸೂರು ಎನ್ನುವಷ್ಟು ಅಂಚಿನಲ್ಲಿರುವ ನಮ್ಮ ಹೊನ್ನೆಕಟ್ಟೆ ಪ್ರಾಥಮಿಕ ಶಾಲೆಯ ಏಕೈಕ ಉಪಾಧ್ಯಾಯರೂ, ಆ ಕಾರಣದಿಂದಲೇ ಅದರ ಮುಖ್ಯೋಪಾಧ್ಯಾಯರೂ, ಗಂಟೆ ಹೊಡೆಯುವವರೂ, ಮಕ್ಕಳನ್ನು ಮೂಲೆಗೆ ನಿಲ್ಲಿಸುವವರೂ ಆದ ಶ್ರೀಮಾನ್ ಮೊಣ್ಣಪ್ಪ ಮಾಸ್ತರರ ಸನ್ನಿಧಿಗೆ, ಕೆರೆ ಏರಿಯ ಕೆಳಗಿನ ಮನೆಯ ಕಾಮಾಕ್ಷಮ್ಮ ಮಾಡುವ ಅನಂತಾನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಬರೆಯುವ ತೊಂದರೆ ತಾವು ತೆಗೆದುಕೊಳ್ಳುವುದು ಬೇಡ. ದಿನಕ್ಕೆ ಎರಡು ಸಲ ತಾವು ನಮ್ಮ ಮನೆಯ ಮುಂದೆಯೇ ಸೈಕಲ್ಲಿನಲ್ಲಿ ಹೋಗುತ್ತೀರಿ, ಮಂಗಳವಾರದಿಂದ ಈಚೆಗೆ ಸ್ವಲ್ಪ ಜೋರಾಗಿಯೇ ಹೋಗುತ್ತೀರಿ.

ಈ ಪತ್ರವನ್ನು ಲಕೋಟೆಗೆ ಹಾಕದೆ ಶಾಲೆಯ ಬಾಗಿಲಿಗೂ ಕೆಂಪಣ್ಣನವರ ಕಾಫಿ ಹೋಟೆಲಿನ ಕಂಬಕ್ಕೂ ಅಂಟಿಸಿದ್ದಕ್ಕೆ ಕ್ಷಮೆ ಇರಲಿ. ಮುಖಕ್ಕೆ ಮುಖ ಕೊಟ್ಟು ಹೇಳೋಣವೆಂದು ಮೂರು ದಿನ ಬಾಗಿಲಲ್ಲಿ ಕಾದೆ, ಸೈಕಲ್ಲು ನಿಲ್ಲಲಿಲ್ಲ. ಇನ್ನು ಅಂಟಿನ ವಿಷಯ: ಇದು ತಾವು ಗೋಡೆಯ ನಕ್ಷೆಗೆ ಮೆತ್ತಿ ಉಳಿದ ಮೈದಾ ಅಂಟೇ. ಆ ಮೈದಾ ಹಿಟ್ಟನ್ನು ಪ್ರಾಜೆಕ್ಟಿಗೆ ಬೇಕಂತೆ ಎಂದು ನಮ್ಮ ಮನೆಯಿಂದಲೇ ತರಿಸಿಕೊಂಡಿದ್ದಿರಿ, ಆದ್ದರಿಂದ ಸರ್ಕಾರದ ಆಸ್ತಿಯನ್ನು ಮುಟ್ಟಿದ ಪಾಪ ನನಗೆ ತಗಲದು ಎಂದು ನಂಬಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ಹೋದ ಜೂನಿನಲ್ಲಿ ಮಡಿಕೇರಿಯಿಂದ ತಾವು ಬಂದಾಗ ಈ ಶಾಲೆಯಲ್ಲಿ ಹನ್ನೊಂದು ಮಕ್ಕಳಿದ್ದರು, ಎರಡು ಮೇಕೆಗಳಿದ್ದವು. ತಾವು ಮೇಕೆಗಳನ್ನು ಹೊರಗೆ ಹಾಕಿ ಹೆಣ್ಣುಮಕ್ಕಳನ್ನು ಒಳಗೆ ಕರೆದಿರಿ. ಸಣ್ಣಸ್ವಾಮಿಯವರ ಮೊಮ್ಮಗಳು ದೊಡ್ಡಿಗೆ ಆರು ತಿಂಗಳಲ್ಲಿ ಮಗ್ಗಿ ಕಲಿಸಿದಿರಿ. ಈಗ ಅವಳು ಅಜ್ಜನ ತಪ್ಪುಗಳನ್ನು ಎಣಿಸುವಷ್ಟು ಮುಂದುವರಿದಿದ್ದಾಳೆ. ಇದನ್ನು ನಾನು ಅಣಕಕ್ಕೆ ಬರೆಯುತ್ತಿಲ್ಲ. ಅರಕಲಗೂಡಿನ ಕಡೆ ನಾಲ್ಕನೆಯ ತರಗತಿಯವರೆಗೆ ಓದಿ, ಮದುವೆಯೆಂದು ಸ್ಲೇಟು ಕೆಳಗಿಟ್ಟವಳು ನಾನು. ಹೆಣ್ಣುಮಕ್ಕಳು ಸ್ಲೇಟು ಹಿಡಿದು ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಹಾಗಿರುವಾಗ ಕ್ರಿಸ್‌ಮಸ್ ರಜೆಯಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದಿರಿ ನೋಡಿ, ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಆ ಶಿಬಿರದಲ್ಲಿ ಅವರು ಏನು ಹೇಳಿದರೋ, ತಾವು ಏನು ಕೇಳಿಸಿಕೊಂಡಿರೋ, ನಾನು ಅಲ್ಲಿರಲಿಲ್ಲ. ಬಂದವರೇ ಕರಿಹಲಗೆಯ ಮೇಲೆ ‘ಬಿಚ್ಚಿ ಕಲಿ’ ಎಂದು ಬರೆದಿರಿ. ಕೈಯಿಂದ ಮಾಡಿದ ವಸ್ತುವನ್ನು ಬಿಚ್ಚಿದರೆ ಅದನ್ನು ಮಾಡಿದ ಕೈಯ ಜಾಣ್ಮೆ ಮಕ್ಕಳಿಗೆ ತಿಳಿಯುತ್ತದೆ ಎಂದು ವಿವರಿಸಿದಿರಂತೆ. ಆಮೇಲೆ ದೊಡ್ಡಿಯ ಕೈಯಲ್ಲಿ ಮನೆಮನೆಗೂ ಚೀಟಿ ಬಂತು. ಊರಿನಲ್ಲಿರುವ ಅತ್ಯುತ್ತಮವಾದ ಒಂದು ಕೈಕೆಲಸದ ವಸ್ತುವನ್ನು ಪಾಠದ ಉಪಯೋಗಕ್ಕಾಗಿ ಕಳುಹಿಸಿಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಬಿಚ್ಚುವ ಮಾತು ಕರಿಹಲಗೆಯ ಮೇಲೇ ಉಳಿಯಿತು, ಚೀಟಿಯವರೆಗೆ ಬರಲಿಲ್ಲ.

ಗುರುಗಳು ಕೇಳಿದ ಮೇಲೆ ಹಳೆಯ ಮಂಕರಿಯನ್ನು ಕಳುಹಿಸುವ ಜನ ನಾವಲ್ಲ. ಕೆಂಪಣ್ಣನವರ ಹೋಟೆಲಿನ ಮುಂದೆ ಸಭೆ ಸೇರಿತು. ಸಣ್ಣಸ್ವಾಮಿಯವರು ತಮ್ಮ ಕಣಜ ಕೊಡುತ್ತೇನೆಂದರು, ಒಬ್ಬರು ಚಾಪೆ ಎಂದರು, ಇನ್ನೊಬ್ಬರು ಮೊರ ಎಂದರು. ಕೊನೆಗೆ ನಾನೇ ಬಾಯಿ ಹಾಕಿ, ಇದೆಲ್ಲ ಏನು ಮಹಾ, ತೊಟ್ಟಿಲು ಕಳುಹಿಸೋಣ ಎಂದೆ. ಎಲ್ಲರೂ ಹೌದೌದು ಎಂದರು. ಈ ನಾಲಿಗೆಗೆ ಆವತ್ತು ಒಂದು ಹುಣ್ಣಾದರೂ ಆಗಿರಬಾರದಿತ್ತೇ!

ತೊಟ್ಟಿಲು ಏನೆಂಬುದನ್ನು ತಾವು ಕೇಳಲಿಲ್ಲ, ನಾವೂ ಹೇಳಲಿಲ್ಲ. ಈಗ ಹೇಳುತ್ತೇನೆ. ಮೂವತ್ತೆರಡು ವರ್ಷದ ಹಿಂದೆ ಹಾಸನದ ಕಡೆಯಿಂದ ಏಳು ಮನೆಯವರು ಗಂಟುಮೂಟೆ ಹೊತ್ತು ಬಂದು ಇಲ್ಲಿ ಗುಡಿಸಲು ಹಾಕಿದೆವು. ಬಂದ ವರ್ಷವೇ ನನ್ನ ಮಗ ದೇವರಾಜು ಹುಟ್ಟಿದ. ಈ ಮಣ್ಣಿನಲ್ಲಿ ಹುಟ್ಟಿದ ಮೊದಲ ಮಗು, ಮಲಗಿಸಲು ಒಂದು ತೊಟ್ಟಿಲಿಲ್ಲ. ಕಾಲುವೆಯಾಚೆಯ ಬಿದಿರು ಮೆಳೆಯ ಹತ್ತಿರ ಇರುವ ಮೇದರ ಮುದ್ದಿ, ನನಗಿಂತ ಐದಾರು ವರ್ಷ ದೊಡ್ಡವಳು, ಯಾರೂ ಹೇಳದೆ ಕೇಳದೆ ಕಾಡಿನಿಂದ ಬೆತ್ತ ತಂದು, ನೆನೆಹಾಕಿ, ಸೀಳಿ, ಹನ್ನೆರಡು ದಿನ ಕೂತು ಆ ತೊಟ್ಟಿಲನ್ನು ಹೆಣೆದಳು. ಅಂದಿನಿಂದ ಹೊನ್ನೆಕಟ್ಟೆಯಲ್ಲಿ ಹುಟ್ಟಿದ ಪ್ರತಿಯೊಂದು ಮಗುವನ್ನೂ ಹನ್ನೆರಡನೆಯ ದಿನ ಮಲಗಿಸುವುದು ಅದರಲ್ಲೇ. ಮಗು ಎದ್ದು ನಡೆದಾಡುವ ಹೊತ್ತಿಗೆ ತೊಟ್ಟಿಲು ಮುಂದಿನ ಮನೆಗೆ ಹೋಗುತ್ತದೆ. ಹೋದಾಗಲೆಲ್ಲ ಮುದ್ದಿ ಬಂದು ಒಂದು ಹಳೆಯ ಸೀಳನ್ನು ಎಳೆದು ತೆಗೆದು ಹೊಸ ಸೀಳನ್ನು ಹೆಣೆಯುತ್ತಾಳೆ, ಆ ಸೀಳಿನ ತುದಿಗೆ ತಾಯಿಯ ಸೀರೆಯಂಚಿನ ಒಂದು ತುಂಡನ್ನು ಸುತ್ತುತ್ತಾಳೆ. ಹೀಗೆ ನಲವತ್ತೊಂದು ಮಕ್ಕಳು, ನಲವತ್ತೊಂದು ಸೀಳು, ನಲವತ್ತೊಂದು ಸೀರೆಯ ತುಂಡು. ಊರಿನ ಹೆಂಗಸರು ಅದನ್ನು ನೋಡಿದರೆ ಇದು ನಿಂಗನದು, ಇದು ಮಾರಿಯದು, ಇದು ಉಳಿಯದೆ ಹೋದ ಮಗುವಿನದು ಎಂದು ಬೆರಳಿಟ್ಟು ಹೇಳುತ್ತಿದ್ದರು.

ಅದರ ಮುಂದಿನ ಸರದಿ ನಮ್ಮದು. ದೇವರಾಜುವಿನ ಹೆಂಡತಿ ರಾಮಮ್ಮ ನಮ್ಮ ಮನೆ ತುಂಬಿ ಹನ್ನೊಂದು ವರ್ಷವಾಯಿತು. ಹನ್ನೊಂದು ವರ್ಷವೂ ಆ ತೊಟ್ಟಿಲು ನಮ್ಮ ಬಾಗಿಲ ಮುಂದೆಯೇ ಈ ಮನೆಯಿಂದ ಆ ಮನೆಗೆ ಹೋಯಿತು. ಪ್ರತಿ ಸಲವೂ ಆ ಹುಡುಗಿ ಒಲೆಯ ಮುಂದೆ ಏನೋ ಕೆಲಸ ಹುಡುಕಿಕೊಂಡು ಕೂರುತ್ತಿದ್ದಳು, ಹೊರಗೆ ಬರುತ್ತಿರಲಿಲ್ಲ. ಈಗ ಅವಳಿಗೆ ತುಂಬಿದ ತಿಂಗಳು. ಸೂಲಗಿತ್ತಿ ಕಾಳಮ್ಮ ಹೊಟ್ಟೆ ಮುಟ್ಟಿ ನೋಡಿ, ಹೆಚ್ಚೆಂದರೆ ಹದಿನೈದು ದಿನ ಎಂದಿದ್ದಾಳೆ.

ಹಾಗಿದ್ದರೆ ನಮ್ಮ ಸರದಿಯ ತೊಟ್ಟಿಲನ್ನು ಶಾಲೆಗೆ ಕೊಡುವ ಬುದ್ಧಿ ಏಕೆ ಬಂತು ಎಂದು ತಾವು ಕೇಳಬಹುದು. ಬಸುರಿಯಿರುವ ಮನೆಯಲ್ಲಿ ಬರಿಯ ತೊಟ್ಟಿಲು ಇರಬಾರದು, ಮಗು ಹುಟ್ಟಿದ ಮೇಲೆಯೇ ಅದು ಹೊಸ್ತಿಲು ದಾಟಬೇಕು. ಅದು ಇದ್ದದ್ದು ಸಣ್ಣಸ್ವಾಮಿಯವರ ಮನೆಯಲ್ಲಿ. ಅವರ ಮನೆ ಈ ಸುಗ್ಗಿಯಲ್ಲಿ ರಾಗಿಯಿಂದ ತುಂಬಿ, ತೊಟ್ಟಿಲನ್ನು ಇಲಿ ಕಡಿಯುತ್ತದೋ ಎಂಬ ಭಯ ನಮಗೆ. ಅಷ್ಟರಲ್ಲಿ ತಮ್ಮ ಚೀಟಿ. ಶಾಲೆಯಲ್ಲಿ ಸರಸ್ವತಿಯ ಪಟವಿದೆ, ಬಾಗಿಲಿಗೆ ಬೀಗವಿದೆ, ಬೀಗದ ಕೈ ತಮ್ಮಂಥ ವಿದ್ಯಾವಂತರ ಜೇಬಿನಲ್ಲಿದೆ. ಲೋಕದಲ್ಲಿ ಇದಕ್ಕಿಂತ ಭದ್ರವಾದ ಜಾಗ ಉಂಟೇ ಎಂದು ಲೆಕ್ಕ ಹಾಕಿದೆವು. ತೊಟ್ಟಿಲಿಗೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ನಾಲ್ಕು ಜನ ಹೊತ್ತು ತಂದು ತಮ್ಮ ಮೇಜಿನ ಮೇಲಿಟ್ಟೆವು. ಮೇಜು ಚಿಕ್ಕದಾಯಿತೆಂದು ತಾವು ನಕ್ಕಿರಿ, ನಾವೂ ನಕ್ಕೆವು.

ಮಂಗಳವಾರ ಮಧ್ಯಾಹ್ನ ಪೋಷಕರನ್ನೆಲ್ಲ ಕರೆಸಿ ತಾವು ಭಾಷಣ ಮಾಡಿದಿರಿ. ಅರ್ಥವಾಗದಿದ್ದರೂ ಚೆನ್ನಾಗಿತ್ತು. ಆಮೇಲೆ ಒಂದು ಹರಿತವಾದ ಕತ್ತಿ ಬೇಕಲ್ಲ ಎಂದು ಸುತ್ತ ನೋಡಿದಿರಿ. ಗುರುಗಳು ಬೇಕೆಂದ ವಸ್ತು ಇಲ್ಲವೆನ್ನಬಾರದೆಂದು, ಸೊಪ್ಪು ಕೊಯ್ಯಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತಿಯನ್ನು ಸೆರಗಿನಿಂದ ಒರೆಸಿ, ಹಿಡಿ ತಮ್ಮ ಕಡೆ ಮಾಡಿ, ತಲೆ ಬಾಗಿಸಿ ಕೊಟ್ಟವಳು ನಾನೇ. ಕೋಲು ಕೊಟ್ಟು ಹೊಡೆಸಿಕೊಂಡರು ಎಂಬ ಗಾದೆಯನ್ನು ನನ್ನಷ್ಟು ಅಚ್ಚುಕಟ್ಟಾಗಿ ಯಾರೂ ನಡೆಸಿ ತೋರಿಸಿರಲಾರರು.

ತಾವು ಅಂಚಿನ ಕಟ್ಟನ್ನು ಕೊಯ್ದು ಮೊದಲ ಸೀಳನ್ನು ಎಳೆದಾಗ ನಾವು ಚಪ್ಪಾಳೆ ತಟ್ಟಿದೆವು. ಹೌದು ಸ್ವಾಮಿ, ಮನಸಾರೆ ತಟ್ಟಿದೆವು. ಮೊದಲೇ ಹೇಳಿದೆನಲ್ಲ, ತೊಟ್ಟಿಲು ಹೊಸ ಮನೆಗೆ ಹೋಗುವ ಮುಂಚೆ ಮುದ್ದಿ ಒಂದು ಹಳೆಯ ಸೀಳು ತೆಗೆಯುತ್ತಾಳೆ. ಈ ಸಲ ಸಾಕ್ಷಾತ್ ಮಾಸ್ತರರೇ ಆ ಶಾಸ್ತ್ರ ಮಾಡಿ ನಮ್ಮ ರಾಮಮ್ಮನನ್ನು ಗೌರವಿಸುತ್ತಿದ್ದಾರೆ ಎಂದು ತಿಳಿದು ನನಗೆ ಕಣ್ಣಲ್ಲಿ ನೀರೇ ಬಂತು. ಎರಡನೆಯ ಸೀಳು ಬಂತು, ಪಟ್ಟಣದವರು ಎರಡು ತೆಗೆಯುತ್ತಾರೇನೋ ಅಂದುಕೊಂಡೆವು. ಐದು ಬಂತು, ಹತ್ತು ಬಂತು, ಕೆಂಪಣ್ಣನವರು ಕೆಮ್ಮಿದರು. ನಮ್ಮ ತಲೆಗೆ ಹೊಳೆಯುವಷ್ಟರಲ್ಲಿ ಮೂರನೆಯ ತರಗತಿ ತೊಟ್ಟಿಲಿನ ಅಡಿಯನ್ನು ಹೊತ್ತುಕೊಂಡು ಓಡಿತ್ತು, ನಾಲ್ಕನೆಯ ತರಗತಿ ಸೀಳುಗಳನ್ನು ಉದ್ದ, ಗಿಡ್ಡ, ನಡುವಿನವು ಎಂದು ಮೂರು ರಾಶಿ ಮಾಡಿತ್ತು. ಆ ಗುಂಪಿನಲ್ಲಿ ಚಪ್ಪಾಳೆ ತಟ್ಟದೆ ನಿಂತವರು ಒಬ್ಬರೇ, ತಮ್ಮ ಧರ್ಮಪತ್ನಿ ತಂಗಮ್ಮನವರು. ಅವರು ಸೆರಗು ಬಾಯಿಗೆ ಹಿಡಿದು ಹೊರಗೆ ಹೋದದ್ದನ್ನು ನಾನು ನೋಡಿದೆ, ತಾವು ನೋಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ತಾವು ಮುಕ್ಕಾಲು ಗಂಟೆ ತೆಗೆದುಕೊಂಡಿರಿ, ಅಷ್ಟರ ಮಟ್ಟಿಗೆ ತಮ್ಮ ತಾಳ್ಮೆಯನ್ನು ಮೆಚ್ಚಬೇಕು.

ಈಗ ಅದು ಗೋಡೆಯ ಮೇಲೆ ನಕ್ಷೆಯಾಗಿದೆ. ಬೆತ್ತದ ಸೀಳು ಇನ್ನೂರ ಹದಿನೆಂಟು, ಕಟ್ಟುದಾರ ಹದಿನಾರು, ಪುಡಿ ಅರ್ಧ ಸೇರು, ತ್ಯಾಜ್ಯ ಬಟ್ಟೆ ನಲವತ್ತೊಂದು ತುಂಡು. ತಮ್ಮ ಅಕ್ಷರ ಮುತ್ತಿನಂತಿದೆ. ತ್ಯಾಜ್ಯ ಬಟ್ಟೆಯನ್ನೂ ತಾವು ದಂಡ ಮಾಡಲಿಲ್ಲ, ಒಂದು ಚೀಲದಲ್ಲಿ ತುಂಬಿ ಹೊಲಿಸಿ ಕರಿಹಲಗೆ ಒರೆಸುವುದಕ್ಕೆ ಇಟ್ಟುಕೊಂಡಿರಿ. ನನ್ನ ಮದುವೆಯ ಸೀರೆಯ ಕೆಂಪು ಅಂಚು ಅದರ ಹೊಟ್ಟೆಯೊಳಗೆ ಕೂತು ದಿನವೂ ಸರ್ಕಾರದ ಸುಣ್ಣ ತಿನ್ನುತ್ತಿದೆ. ಮದುವೆಯಿಂದ ಅರ್ಧಕ್ಕೆ ನಿಂತ ನನ್ನ ವಿದ್ಯಾಭ್ಯಾಸ ಆ ಮದುವೆ ಸೀರೆಯ ಮೂಲಕವಾದರೂ ಮುಂದುವರಿಯಿತಲ್ಲ, ಸಂತೋಷ.

ತಮ್ಮ ಪದ್ಧತಿಯ ಕೀರ್ತಿ ಊರೆಲ್ಲ ಹರಡಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಬುಧವಾರ ಬೆಳಿಗ್ಗೆ ದೊಡ್ಡಿ ಮನೆಪಾಠವೆಂದು ಅಜ್ಜನ ಕಣಜವನ್ನು ಬುಡದಿಂದ ಬಿಚ್ಚಿದಳು. ಕಣಜದ ತುಂಬ ರಾಗಿ ಇತ್ತು. ಕಣಜದ ಹೆಣಿಗೆ ಏಕೆ ಬಿಗಿಯಾಗಿರಬೇಕು ಎಂಬುದನ್ನು ಆ ಮಗು ಒಂದೇ ಕ್ಷಣದಲ್ಲಿ ಕಲಿಯಿತು. ಸಣ್ಣಸ್ವಾಮಿಯವರು ಮೊಣಕಾಲುದ್ದ ರಾಗಿಯಲ್ಲಿ ನಿಂತು ತಾವು ಕಲಿಸದ ಕೆಲವು ಶಬ್ದಗಳನ್ನು ಉಚ್ಚರಿಸಿದರು. ಊರಿನ ಕೋಳಿಗಳಂತೂ ತಮ್ಮನ್ನು ಇಲ್ಲಿಯೇ ಕಾಯಂ ಮಾಡಬೇಕೆಂದು ಅರ್ಜಿ ಕೊಡುವಂತಿವೆ.

ಆದ್ದರಿಂದ ಈ ವಿದ್ಯೆ ಇಷ್ಟಕ್ಕೇ ನಿಲ್ಲಬಾರದು ಎಂದು ಕೋರುತ್ತೇನೆ. ತಮ್ಮ ಕೈಗಡಿಯಾರವನ್ನು ಒಂದನೆಯ ತರಗತಿಗೆ ಕೊಡಿ, ಅವರಿಗೆ ಸಣ್ಣ ಬೆರಳು, ಒಳ್ಳೆಯ ಕಣ್ಣು. ತಮ್ಮ ಸೈಕಲ್ಲನ್ನು ಎರಡನೆಯ ತರಗತಿಗೆ ಕೊಡಿ. ಬಿಡಿಭಾಗಗಳನ್ನು ಉದ್ದ, ಗಿಡ್ಡ, ದುಂಡು ಎಂದು ಅವರು ಅಂಟಿಸಿ ಕೊಡುತ್ತಾರೆ, ಮೈದಾ ನಾನು ಕೊಡುತ್ತೇನೆ. ಶಾಲೆಯ ಮಾಡಿನ ಹುಲ್ಲು ಹೊದಿಸಿದವರೂ ಇದೇ ಊರಿನವರು, ಅದೂ ಕೈಕೆಲಸವೇ. ಅದನ್ನು ಒಂದೊಂದೇ ಎಳೆಯಾಗಿ ಬಿಚ್ಚಿ ಎಣಿಸಿದರೆ ಮಳೆಗಾಲದವರೆಗೆ ಪಾಠಕ್ಕೆ ಕೊರತೆಯಿಲ್ಲ. ಇಷ್ಟೂ ಮುಗಿದರೆ ನಮ್ಮ ಹಲಸಿನ ಮರದಲ್ಲಿ ಒಂದು ಹೆಜ್ಜೇನಿನ ಹುಟ್ಟಿದೆ, ಬಹಳ ಸೊಗಸಾದ ಕುಶಲಕಲೆ. ಅದನ್ನು ಬಿಚ್ಚುವಾಗ ಮಾತ್ರ ಮಕ್ಕಳನ್ನು ದೂರ ನಿಲ್ಲಿಸಿ ತಾವೊಬ್ಬರೇ ಮುಂದೆ ಹೋಗಬೇಕು, ಗುರುವಿನ ಸ್ಥಾನ ದೊಡ್ಡದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬುಧವಾರ ಸಂಜೆ ದೇವರಾಜು ಬಂದು, ಸೀಳುಗಳನ್ನಾದರೂ ಹಿಂದಿರುಗಿಸಿ ಎಂದು ಕೇಳಿದ. ತಾವು ಬಹಳ ಮರ್ಯಾದೆಯಿಂದ, ಅವು ಈಗ ಬೋಧನಾ ಸಾಮಗ್ರಿಯೆಂದು ರಿಜಿಸ್ಟರಿನಲ್ಲಿ ದಾಖಲಾಗಿವೆ, ಫೆಬ್ರವರಿ ಕೊನೆಗೆ ತಪಾಸಣೆಯ ಸಾಹೇಬರು ಬಂದು ನೋಡುವವರೆಗೆ ಗೋಡೆಯಿಂದ ಇಳಿಸುವಂತಿಲ್ಲ, ಆಮೇಲೆ ಯೋಚಿಸೋಣ ಎಂದಿರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ದೇವರಾಜು ಜಗಳದವನಲ್ಲ, ಟೋಪಿ ತಿರುಗಿಸುತ್ತಾ ಮನೆಗೆ ಬಂದ. ಸಾಹೇಬರು ಬರುವುದು ಫೆಬ್ರವರಿ ಕೊನೆಗೆ, ರಾಮಮ್ಮನ ಮಗು ಬರುವುದು ಅದಕ್ಕಿಂತ ಮುಂಚೆ. ಆದ್ದರಿಂದ ತಾವು ದಯಮಾಡಿ ಆ ಮಗುವಿಗೂ ಒಂದು ಚೀಟಿ ಬರೆಯಬೇಕು: ತಪಾಸಣೆ ಮುಗಿಯುವವರೆಗೆ ಇದ್ದಲ್ಲೇ ಇರತಕ್ಕದ್ದು, ತಪ್ಪಿದಲ್ಲಿ ಮೂಲೆಯಲ್ಲಿ ನಿಲ್ಲಿಸಲಾಗುವುದು ಎಂದು. ಕಾಳಮ್ಮ ಅದನ್ನು ರಾಮಮ್ಮನ ಹೊಟ್ಟೆಗೆ ಓದಿ ಹೇಳಲು ಒಪ್ಪಿದ್ದಾಳೆ.

ಬೇರೆ ತೊಟ್ಟಿಲು ಕೊಳ್ಳಬಹುದಲ್ಲ ಎಂದು ತಾವು ದೇವರಾಜುವಿಗೆ ಸಲಹೆ ಕೊಟ್ಟಿರಂತೆ. ಕೊಳ್ಳಬಹುದು. ಗೋಣಿಕೊಪ್ಪಲಿನ ಸಂತೆಯಲ್ಲಿ ಮರದ ತೊಟ್ಟಿಲು ಸಿಗುತ್ತದೆ, ಅದಕ್ಕೆ ಹಸಿರು ಬಣ್ಣವೂ ಬಳಿದಿರುತ್ತಾರೆ. ಆದರೆ ರಾಮಮ್ಮ ಹನ್ನೊಂದು ವರ್ಷ ಒಲೆಯ ಮುಂದೆ ಕೂತು ಕಾದದ್ದು ಹಸಿರು ಬಣ್ಣದ ತೊಟ್ಟಿಲಿಗಲ್ಲ. ಅವಳು ಆ ನಲವತ್ತೊಂದರ ಸಾಲಿಗೆ ಸೇರಬೇಕೆಂದು ಕಾದವಳು. ಮಂಗಳವಾರದಿಂದ ಅವಳು ಮತ್ತೆ ಒಲೆಯ ಮುಂದೆ ಕೂತಿದ್ದಾಳೆ. ಏನೋ ಅಪಶಕುನ ಆಯಿತು ಎಂದು ಅವಳ ಮನಸ್ಸಿಗೆ ಹತ್ತಿದೆ. ಕತ್ತಿ ಕೊಟ್ಟ ಕೈ ನನ್ನದು, ಅವಳ ಮುಖ ನೋಡಲು ನನಗೆ ಆಗುತ್ತಿಲ್ಲ. ಇದನ್ನು ಬರೆಯುವಾಗ ನನಗೆ ತಮಾಷೆ ಮಾಡಲು ಬರುತ್ತಿಲ್ಲ, ಕ್ಷಮಿಸಿ.

ಗುರುವಾರ ಮುದ್ದಿ ಶಾಲೆಗೆ ಬಂದಿದ್ದು ತಮಗೆ ಗೊತ್ತು, ತಾವು ಆಗ ತುರ್ತಾಗಿ ಹಾಜರಿ ಪುಸ್ತಕ ನೋಡುತ್ತಿದ್ದಿರಿ. ಅವಳಿಗೆ ಈಗ ಕಣ್ಣಿಗೆ ಪೊರೆ ಬಂದಿದೆ, ದೊಡ್ಡಿ ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಮುದ್ದಿ ಸೀಳುಗಳ ಮೇಲೆ ಬೆರಳಾಡಿಸಿದಳು. ದೊಡ್ಡಿ ಒಂದೊಂದೇ ಹೆಸರು ಓದಿ ಹೇಳಿದಳು. ತ್ಯಾಜ್ಯ ಎಂಬಲ್ಲಿಗೆ ಬಂದಾಗ ಹಾಗೆಂದರೆ ಏನವ್ವ ಎಂದು ಮುದ್ದಿ ಕೇಳಿದಳು. ಬೇಡದ್ದು ಅಂತ ಅಜ್ಜಿ, ಎಂದಳು ಮಗು. ಮುದ್ದಿ ಕುಡಿಯಲು ನೀರು ಕೇಳಿದಳು.

ಆಮೇಲೆ ಹೊರಗೆ ಬಂದು ಜಗಲಿಯ ಮೇಲೆ ಕೂತು ಅವಳು ಹೇಳಿದ್ದನ್ನು ನಾನು ಇದ್ದ ಹಾಗೆ ಬರೆಯುತ್ತೇನೆ, ಮರ್ಯಾದೆಯ ಕನ್ನಡಕ್ಕೆ ತಿದ್ದುವುದಿಲ್ಲ. ಸೀಳು ಕೆಟ್ಟಿಲ್ಲ ಕಣವ್ವ, ನೆನೆಹಾಕಿದ್ರೆ ಜೀವ ಬತ್ತದೆ, ಕೆಟ್ಟಿರೋದು ನನ್ ಕಣ್ಣು, ಅದ್ಕೇ ಬಿಚ್ಚಿದೋನೇ ಬಂದು ಹೆಣೀಲಿ, ನಾನ್ ಬಾಯಲ್ ಹೇಳ್ತೀನಿ, ಮೇಷ್ಟ್ರು ಕೈಯಲ್ ಮಾಡ್ಲಿ, ಎಂದಳು. ಮೇಷ್ಟ್ರಿಗೆ ಬರದಿದ್ದರೆ ಎಂದು ಕೆಂಪಣ್ಣನವರು ಕೇಳಿದ್ದಕ್ಕೆ, ಬರದಿದ್ರೆ ಮೂಲೇಲ್ ನಿಲ್ಲಿಸ್ತೀನಿ ಬಿಡಿ, ಎಂದು ಬೊಚ್ಚು ಬಾಯಲ್ಲಿ ನಕ್ಕಳು. ಮೂರು ದಿನದಲ್ಲಿ ಊರು ನಕ್ಕದ್ದು ಅದೊಂದೇ ಸಲ.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಬರುವ ಮಂಗಳವಾರ ಗಣರಾಜ್ಯದ ದಿನ. ಬಾವುಟ ಹಾರಿಸಿ, ಮಕ್ಕಳಿಗೆ ಬೆಲ್ಲ ಹಂಚಿ ಆದ ಮೇಲೆ, ತಾವು ಗೋಡೆಯ ನಕ್ಷೆಯನ್ನು ಇಳಿಸಿ, ಮೈದಾ ತೊಳೆದು, ಇನ್ನೂರ ಹದಿನೆಂಟು ಸೀಳನ್ನೂ ಆ ಹಲಗೆ ಒರೆಸುವ ಚೀಲವನ್ನೂ ಹಿಡಿದುಕೊಂಡು, ನಾಲ್ಕೂ ತರಗತಿಗಳ ಸಮೇತ ಕಾಲುವೆ ದಾಟಿ ಮುದ್ದಿಯ ಚಪ್ಪರಕ್ಕೆ ಬರಬೇಕು. ಕೋಟು ಬೇಡ, ಬೆತ್ತ ಒದ್ದೆ ಇರುತ್ತದೆ. ಹನ್ನೆರಡು ದಿನದ ಪಾಠ. ಸಾಹೇಬರು ಬಂದಾಗ ತೋರಿಸಲು ಏನೂ ಇರುವುದಿಲ್ಲವಲ್ಲ ಎಂಬ ಚಿಂತೆ ತಮಗೆ ಬೇಡ. ಅವರನ್ನು ನಮ್ಮ ಮನೆಗೆ ಕರೆತನ್ನಿ, ಒಳಗೆ ಮಗು ಮಲಗಿರುತ್ತದೆ, ಅದೇ ಪ್ರಾಜೆಕ್ಟು ಎಂದು ಹೇಳಿ. ಬೊಬ್ಬೆ ಎದ್ದ ತಮ್ಮ ಬೆರಳುಗಳನ್ನೂ ತೋರಿಸಬಹುದು.

ಸೊಪ್ಪು ಕೊಯ್ಯುವ ಆ ಕತ್ತಿ ಇನ್ನೂ ತಮ್ಮ ಮೇಜಿನ ಖಾನೆಯಲ್ಲಿದೆ. ಬರುವಾಗ ತನ್ನಿ, ಹೊಸ ಬೆತ್ತ ಸೀಳಲು ಬೇಕು. ಈ ಸಲವೂ ನಾನೇ ತಮ್ಮ ಕೈಗೆ ಕೊಡುತ್ತೇನೆ, ಆದರೆ ಮುದ್ದಿ ಹೂಂ ಅಂದ ಮೇಲೆ.

ಎಷ್ಟೇ ಬಿಚ್ಚಿದರೂ ತಮ್ಮ ಮೇಲಿನ ಗೌರವ ಇನ್ನೂ ಪೂರ್ತಿ ಬಿಚ್ಚಿಹೋಗದ,
ತಮ್ಮ ವಿಶ್ವಾಸಿ,
ಕಾಮಾಕ್ಷಮ್ಮ
(ನಾಲ್ಕನೆಯ ತರಗತಿ, ಪಾಸು)

ತಾಜಾ ಕಲಂ: ನಿನ್ನೆ ಮಧ್ಯಾಹ್ನ ತಂಗಮ್ಮನವರು ಆರು ಕಿತ್ತಳೆ ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ರಾಮಮ್ಮನ ಪಕ್ಕ ಒಲೆಯ ಮುಂದೆ ಕೂತು, ಅವಳಿಗೆಂದು ತಂದ ಆರರಲ್ಲಿ ನಾಲ್ಕನ್ನು ತಾವೇ ತಿಂದು, ಹೋಗುವಾಗ ರಾಮಮ್ಮನ ಸರದಿ ಆದ ಮೇಲೆ ತೊಟ್ಟಿಲು ಯಾರ ಮನೆಗೆ ಹೋಗುತ್ತದೆ ಎಂದು ವಿಚಾರಿಸಿದರು. ಇನ್ನೂ ಯಾರೂ ಹೇಳಿಟ್ಟಿಲ್ಲ ಎಂದೆ. ತಮ್ಮ ನೀಲಿ ಸೀರೆಯ ಅಂಚಿನಿಂದ ಒಂದು ತುಂಡನ್ನು ತಾವೇ ಹರಿದು ನನ್ನ ಕೈಗೆ ಕೊಟ್ಟರು. ನಮ್ಮವರಿಗೆ ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ, ಬರೆದು ಅಂಟಿಸಿದರೆ ಓದುತ್ತಾರೆ, ನೀವೇ ಬರೆದುಬಿಡಿ ಎಂದರು, ಆದ್ದರಿಂದ ಬರೆದಿದ್ದೇನೆ. ಆ ತುಂಡು ಈಗ ಮುದ್ದಿಯ ಎಲೆಯಡಿಕೆ ಚೀಲದಲ್ಲಿ ಭದ್ರವಾಗಿದೆ. ರಾಮಮ್ಮನದು ನಲವತ್ತೆರಡನೆಯದು, ಇದು ನಲವತ್ತಮೂರನೆಯದು. ದಯವಿಟ್ಟು ಅದನ್ನು ತ್ಯಾಜ್ಯದಲ್ಲಿ ಸೇರಿಸಬೇಡಿ.